ಮೊಮ್ಮಗನಿಗೊಂದು ಗ್ರಾಫಿಕ್ಸ್ ಕಾರ್ಡು

"ಯಾರು ಆಡೋದು ಯಜಮಾನ್ರೇ?" ಎಂದು ಅಂಗಡಿಯ ಗಯಾಸ್ ಕೇಳಿದಾಗ ಚಿಕ್ಕಬೈರಪ್ಪನ ಬಾಯಿಂದ "ಮೊಮ್ಮಗ" ಎಂಬ ಮಾತು ತಾನಾಗಿಯೇ ಜಾರಿಬಿತ್ತು. ಸಾಲದ್ದಕ್ಕೆ "ಎಂಟು ವರ್ಸ" ಎಂದೂ ಸೇರಿಸಿದ.

ಮೊಮ್ಮಗ ಹಾಗಿರಲಿ, ಅವನ ಒಬ್ಬನೇ ಮಗ ಗೋಪಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಗೋಪಿ ಕಾಲೇಜಿನ ಕಾಲದಲ್ಲಿ ತಂದಿಟ್ಟಿದ್ದ ಕಂಪ್ಯೂಟರಿನ ಮುಂದೆ, ದಿನಾ ಮಧ್ಯಾಹ್ನ ಹೆಂಡತಿ ಲಕ್ಕಮ್ಮ ಮಲಗಿದ ಮೇಲೆ ಕೂತು ಕಾರ್ ರೇಸ್ ಆಡುತ್ತಿದ್ದವನು ಐವತ್ತೆಂಟು ವರ್ಷದ ಚಿಕ್ಕಬೈರಪ್ಪನೇ. ಹೊಸ ಏರ್‌ಪೋರ್ಟ್ ಶುರುವಾದ ವರ್ಷ ಅದು. ತಮ್ಮೂರು ಕೋಗಿಲಿನ ಹೊಲವೆಲ್ಲ ಸೈಟುಗಳಾಗಿ ಹೋದಮೇಲೆ ಅವನಿಗೆ ಉಳಿದಿದ್ದ ಉಳುಮೆ ಅದೊಂದೇ. ಹೋದ ವಾರ ತಂದ ಹೊಸ ಆಟದ ಸಿ.ಡಿ. ಮಾತ್ರ, ಗ್ರಾಫಿಕ್ಸ್ ಕಾರ್ಡು ಸಾಲದೆಂದು ಇಂಗ್ಲಿಷಿನಲ್ಲಿ ಗದರಿ ಸುಮ್ಮನಾಗಿತ್ತು. ಅದಕ್ಕೇ ಸಿಪಿಯುವನ್ನು ಸ್ಕೂಟರಿನಲ್ಲಿ ಕಾಲ ಬಳಿ ನಿಲ್ಲಿಸಿಕೊಂಡು ಯಲಹಂಕ ಪೇಟೆಗೆ ಬಂದಿದ್ದ.

ಗಯಾಸ್ ಮುಚ್ಚಳ ಬಿಚ್ಚಿ, ಧೂಳು ಊದಿ, ಟಾರ್ಚು ಬಿಟ್ಟು ನೋಡಿದ. "ಇದ್ರಲ್ಲಿರೋದು ಹಳೇ ಏಜಿಪಿ ಸ್ಲಾಟು. ಈಗ ಬರ್ತಿರೋ ಕಾರ್ಡೆಲ್ಲ ಪಿಸಿಐ ಎಕ್ಸ್‌ಪ್ರೆಸ್. ಅದು ಇದ್ರಲ್ಲಿ ಕೂರಲ್ಲ."

"ಒಸಿ ಒತ್ತಿದ್ರೆ?"

"ಒತ್ತಿದ್ರೆ ಬೋರ್ಡೇ ಮುರಿಯುತ್ತೆ. ಬೋರ್ಡು, ಪ್ರೊಸೆಸರು ಎಲ್ಲ ಬದಲಾಯಿಸಿ ಹೊಸ ಕಾರ್ಡ್ ಹಾಕ್ಬೇಕು. ಇಲ್ಲಾಂದ್ರೆ ನನ್ಹತ್ರ ಒಂದು ಹಳೇ ಏಜಿಪಿ ಕಾರ್ಡಿದೆ, ಇದ್ರಲ್ಲೇ ಕೂರುತ್ತೆ. ಎಂಟು ವರ್ಷದ ಮಗುಗೆ ಅದೇ ಧಾರಾಳ."

"ಒಸ ಆಟ ಓಡ್ತದಾ ಅದ್ರಲ್ಲಿ?"

"ಓಡುತ್ತೆ, ಸ್ವಲ್ಪ ತಡವರಿಸ್ಕೊಂಡು. ಮಗುಗೆ ಏನ್ ಗೊತ್ತಾಗುತ್ತೆ ಬಿಡಿ."

"ಗೊತ್ತಾಯ್ತದೆ!" ಚಿಕ್ಕಬೈರಪ್ಪನ ದನಿ ಏರಿತು. "ಇನ್ನೂರು ಸ್ಪೀಡಲ್ಲಿ ಓಯ್ತಿರ್ತೀವಿ... ಓಯ್ತಿರ್ತಾನೆ. ಸೇತುವೆ ತಿರುವಲ್ಲಿ ಗಾಡಿ ಗಕ್ಕಂತ ನಿಂತ್ಕೊಂತದೆ. ಇಂದಿದ್ದೋರೆಲ್ಲ ಮುಂದಕ್ಕೋಗ್ಬುಡ್ತಾರೆ. ಒಟ್ಟೆ ಉರಿಯಲ್ವಾ?"

ಗಯಾಸ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ತಪ್ಪು ತಿಳ್ಕೋಬೇಡಿ ಯಜಮಾನ್ರೇ. ದಿನಕ್ಕೆ ಎಷ್ಟೊತ್ತು ಆಡ್ತಾನೆ?"

"ಒಂದ್ ಮೂರ್ ಗಂಟೆ."

"ಮೂರ್ ಗಂಟೆನಾ! ನೀವೇ ಕೆಡಿಸ್ತಿದೀರ. ಕಿವಿ ಹಿಂಡಿ ಓದಕ್ಕೆ ಕೂರಿಸ್ಬೇಕು. ಹಿಂಗೇ ಬಿಟ್ರೆ ಕೆಲಸಕ್ಕೆ ಬಾರದೋನಾಗ್ತಾನೆ."

"ಆಗ್ಲೇ ಆಗವ್ನೆ," ಎಂದು ಚಿಕ್ಕಬೈರಪ್ಪ ತಲೆ ತಗ್ಗಿಸಿದ. ಹತ್ತು ಹೊಸ ಬೋರ್ಡು ಕೊಳ್ಳುವಷ್ಟು ದುಡ್ಡು ಜೇಬಿನಲ್ಲೇ ಇತ್ತು. ಆದರೆ ಹೊಸದನ್ನು ಕೇಳಬೇಕಾದರೆ ಆಡುವವನು ತಾನೆಂದು ಹೇಳಬೇಕು. ಅರ್ಧ ಕೋಗಿಲೇ ಜೆರಾಕ್ಸ್ ಮಾಡಿಸಲು ಬರುವ ಅಂಗಡಿಯಲ್ಲಿ ಆ ಮಾತು ಆಡುವಷ್ಟು ಧೈರ್ಯ, ಇನ್ನೂರು ಸ್ಪೀಡಿನಲ್ಲಿ ಹೋಗುವವನಿಗೂ ಇರಲಿಲ್ಲ. "ಅಳೇದೇ ಆಕಪ್ಪ," ಎಂದ.

ಗಯಾಸ್ ಹಳೇ ಕಾರ್ಡು ಕೂರಿಸಿ ಸ್ಕ್ರೂ ಬಿಗಿಯುತ್ತಿದ್ದಾಗ, ಕೈಯಲ್ಲಿ ಗೋಪಿಯ ಜಾತಕ ಹಿಡಿದು ಆನಂದಪ್ಪ ಒಳಗೆ ಬಂದ. ಕೋಗಿಲಿನವನೇ. ಗೋಪಿಗೆ ಹೆಬ್ಬಾಳದ ಕಡೆ ಹೆಣ್ಣು ನೋಡಿ ಮಾತುಕತೆ ನಡೆಸುತ್ತಿದ್ದವನೂ ಅವನೇ.

"ಏನ್ ಬೈರಣ್ಣ, ಇಲ್ಲಿ?"

ಚಿಕ್ಕಬೈರಪ್ಪ ಬಾಯಿ ತೆರೆಯುವ ಮೊದಲೇ ಗಯಾಸ್ ಹೇಳಿಬಿಟ್ಟ. "ಮೊಮ್ಮಗನಿಗೆ ಗೇಮ್ ಕಾರ್ಡ್ ಹಾಕಿಸ್ತಿದಾರೆ. ಎಂಟು ವರ್ಷದ ಹುಡ್ಗನ್ನ ತುಂಬಾ ಮುದ್ದು ಮಾಡಿದಾರೆ, ನೀವಾದ್ರೂ ಸ್ವಲ್ಪ ಹೇಳಿ."

ಜೆರಾಕ್ಸಿಗೆಂದು ಜಾತಕ ಚಾಚಿದ್ದ ಆನಂದಪ್ಪನ ಕೈ ಅಲ್ಲೇ ನಿಂತಿತು. ನಿಧಾನವಾಗಿ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. "ಗೋಪಿಗೆ ಎಂಟು ವರ್ಸದ ಮಗ ಅವ್ನಾ?" ದನಿ ಪೂರಾ ಇಳಿದಿತ್ತು. "ಎಣ್ಣಿನ ಕಡೆಯೋರ್ಗೆ ನಾನೇನಂತ ಏಳ್ಲಿ ಬೈರಣ್ಣ?"

"ಅಲ್ಲ ಕಣೋ, ಅದು... ನನ್ ತಮ್ಮನ ಮೊಮ್ಮಗ."

"ನಿಂಗೆ ತಮ್ಮ ಎಲ್ಲವ್ನೆ?"

ಚಿಕ್ಕಬೈರಪ್ಪನಿಗೆ ಮಗನ ಮುಖ ಕಣ್ಣಮುಂದೆ ಬಂತು. ಆ ಹೊತ್ತಿಗೆ ಯಾವುದೋ ಲೇಔಟಿನ ಬಿಸಿಲಲ್ಲಿ ಜೆಸಿಬಿ ಪಕ್ಕ ನಿಂತು ಮಣ್ಣು ಎತ್ತಿಸುತ್ತಿರುವ ಆ ಹುಡುಗನಿಗೆ, ತಾನು ಎಂಟು ವರ್ಷದ ಹಿಂದೆಯೇ ಅಪ್ಪನಾದ ಸುದ್ದಿ ಗೊತ್ತೇ ಇರಲಿಲ್ಲ. ಆನಂದಪ್ಪ ಆಗಲೇ ಚಪ್ಪಲಿ ಹುಡುಕುತ್ತಿದ್ದ. ಅವನು ಮೆಟ್ಟಿಲಿಳಿದರೆ ಸಂಜೆಯೊಳಗೆ ಸುದ್ದಿ ಹೆಬ್ಬಾಳ ಮುಟ್ಟುತ್ತದೆ.

"ನಿಂತ್ಕೊಳೋ!" ಎಂದು ಚಿಕ್ಕಬೈರಪ್ಪ ಅವನ ತೋಳು ಹಿಡಿದ. "ಮೊಮ್ಮಗನೂ ಇಲ್ಲ, ಮಣ್ಣಾಂಗಟ್ಟಿನೂ ಇಲ್ಲ. ಗೇಮ್ ಆಡೋನು ನಾನೇ. ದಿನಾ ಮೂರ್ ಗಂಟೆ ಆಡ್ತೀನಿ. ಅಷ್ಟಾಡಿದ್ರೂ ಕೊನೇಗೇ ಬರ್ತೀನಿ, ಸಾಕಾ?"

ಕಿವಿ ಹಿಂಡಲು ಹೇಳಿದ್ದ ಗಯಾಸ್ ತಲೆಯೆತ್ತದೆ ಸ್ಕ್ರೂ ಬಿಚ್ಚಿ, ಹಳೇ ಕಾರ್ಡನ್ನು ಹೊರಗೆಳೆದು ಡಬ್ಬಿಗೆ ಹಾಕಿದ. "ಹಂಗಾದ್ರೆ ಇದು ಬೇಡ ಸಾರ್. ಬೋರ್ಡು ಬದಲಾಯಿಸಿ ನಿಮಗೆ ಪಿಸಿಐ ಎಕ್ಸ್‌ಪ್ರೆಸ್ಸೇ ಹಾಕ್ಕೊಡ್ತೀನಿ. ಸೇತುವೆ ಹತ್ರ ಗಾಡಿ ನಿಲ್ಲಲ್ಲ."

ಯಜಮಾನ ಹೋಗಿ ಸಾರ್ ಆದದ್ದು ಏಳಿಗೆಯೋ ಇಳಿಕೆಯೋ ಚಿಕ್ಕಬೈರಪ್ಪನಿಗೆ ತಿಳಿಯಲಿಲ್ಲ. ಎಷ್ಟಾಗುತ್ತದೆಂದೂ ಕೇಳದೆ, "ಆಕು," ಎಂದ. ಕಿವಿ ಮಾತ್ರ ಯಾರೋ ನಿಜವಾಗಿಯೇ ಹಿಂಡಿದಂತೆ ಬಿಸಿಯಾಗಿತ್ತು.

ಆನಂದಪ್ಪ ನಗಲಿಲ್ಲ. ಜಾತಕವನ್ನು ಜೇಬಿನಿಂದ ತೆಗೆದು, ಮಡಿಕೆ ಸರಿಮಾಡಿ, ಜೆರಾಕ್ಸಿಗೆ ಕೊಟ್ಟ.

"ಉಡುಗುನ್ಗೆ ಏನಾದ್ರೂ ಚಟ ಐತಾ ಅಂತ ಎಣ್ಣಿನ ಕಡೆಯೋರು ಕೇಳಿದ್ರು ಬೈರಣ್ಣ," ಎಂದ. "ಉಡುಗುನ್ಗೆ ಏನೂ ಇಲ್ಲ ಅಂತ ಏಳ್ತೀನಿ."