ಸಾಲಿನ ಕೊನೆಯ ಖಾಲಿ ಜಾಗ

ಮಾರ್ಲಿಸ್ ಇನ್ನೊಂದು ಸಾಲಿನ ಕೊನೆಗೆ ಹೋಗಿ ಸ್ಪೇಸ್ ಕೀಲಿಯನ್ನು ಎರಡು ಸಲ ಒತ್ತಿದಳು. ಖಾಲಿ ಜಾಗವೂ ಸೇರಿ ಸಾಲಿಗೆ ಅರವತ್ತೊಂದು ಅಕ್ಷರ, ಲೆಕ್ಕ ಸರಿಹೋಯಿತು. ಸಂದೇಶ ಕಳಿಸುವ ಆ ಕಾಲದ ಕಂಪ್ಯೂಟರ್ ಜಾಲದಲ್ಲಿ ಅಕ್ಷರಗಳನ್ನು ಬಿಟ್ಟು ಬೇರೇನೂ ಸಾಗುತ್ತಿರಲಿಲ್ಲ. ಅದಕ್ಕೇ ಅವಳ ತಮ್ಮ ವರ್ಲಿನ್ ತಾನು ಬರೆದ ಕಂಪ್ಯೂಟರ್ ಆಟವನ್ನು ಅಕ್ಷರಗಳಾಗಿ ಮಾರ್ಪಡಿಸಿ, ಒಂಬತ್ತು ಸಂದೇಶಗಳಾಗಿ ಒಡೆದು, ಆಸ್ಪತ್ರೆ ಸೇರುವ ಹಿಂದಿನ ದಿನ ಅವಳಿಗೆ ಕಳಿಸಿದ್ದ. ದಾರಿಯ ಯಾವುದೋ ಯಂತ್ರ ಸಾಲುಗಳ ಕೊನೆಯ ಖಾಲಿ ಜಾಗಗಳನ್ನು ಕಸವೆಂದು ಕತ್ತರಿಸಿ ಎಸೆದಿತ್ತು. ಅವನ್ನು ತುಂಬದೆ ಆಟ ತೆರೆಯುವಂತಿರಲಿಲ್ಲ. ಇದು ಅವಳಿಗೆ ತಿಳಿದದ್ದು ವರ್ಲಿನ್‌ನನ್ನು ಮಣ್ಣು ಮಾಡಿ ಬಂದ ಮೇಲೆ.

ಪಕ್ಕದ ಮೇಜಿನ ಡುವೇನ್ ಕಾಫಿ ಹಿಡಿದು ಬಂದು ಇಣುಕಿದ. "ಮೂರು ವಾರದಿಂದ ಕೈಯಲ್ಲೇ ತುಂಬ್ತಾ ಇದೀಯಾ ಮಾರಾಯ್ತಿ? ನಮ್ಮಜ್ಜಿ ಇಷ್ಟೊತ್ತಿಗೆ ಎರಡು ಸ್ವೆಟರ್ ಹೆಣೆದಿರೋಳು. ಹತ್ತು ಸಾಲಿನ ಪ್ರೋಗ್ರಾಮ್ ಬರ್ಕೊಡ್ತೀನಿ, ಈ ಕಾಫಿ ಆರೋದ್ರೊಳಗೆ ಎಲ್ಲ ತಾನಾಗೇ ತುಂಬ್ಕೊಳ್ಳುತ್ತೆ. ಅವನ ಆಟ ಇವತ್ತೇ ಆಡ್ಬಹುದು."

ಅಂಥ ಪ್ರೋಗ್ರಾಮು ಬರೆಯುವುದನ್ನು ಡುವೇನ್‌ಗೆ ಕಲಿಸಿದವಳೇ ಮಾರ್ಲಿಸ್. ಒಂಬತ್ತರಲ್ಲಿ ಇನ್ನು ಎರಡು ಸಂದೇಶ ಮಾತ್ರ ಬಾಕಿ ಇದ್ದವು. ಅವೂ ಮುಗಿದರೆ ತಮ್ಮನಿಂದ ಅವಳಿಗೆ ಬರಬೇಕಾದದ್ದು ಇನ್ನೇನೂ ಇರಲಿಲ್ಲ.

ಅವಳು ಮುಂದಿನ ಸಾಲಿನ ಅಕ್ಷರಗಳನ್ನು ಬೆರಳಿಟ್ಟು ಎಣಿಸತೊಡಗಿದಳು.

"ಬೇಡ," ಎಂದಳು.