ತೋರಣದ ಎಲಿ

ವೆಬ್‌ಪುಟಗಳನ್ನು ನಡೆಸುವ ಸಿದ್ಧ ಕೋಡ್ ಕಟ್ಟುಗಳಾದ ಜಾವಾಸ್ಕ್ರಿಪ್ಟ್ ಲೈಬ್ರರಿಗಳಿಗೆ ಮಾತು ಬಂದ ಮೇಲೆ ಫಾರ್ಮ್ ತುಂಬಲು ಯಾರೂ ಬೆರಳು ಆಡಿಸುತ್ತಿರಲಿಲ್ಲ. ಅವು ಕೇಳುತ್ತಿದ್ದವು, ಜನ ಹೇಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಫಾರ್ಮ್‌ಗಳ ತಂತ್ರಾಂಶ ನೋಡಿಕೊಳ್ಳುವ ಭಾಗೀರಥಿ ಇಂದು ಎರಡು ಲೈಬ್ರರಿಗಳಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳಬೇಕಿತ್ತು. ಹೊಸದು ಚುರುಕು, ಅದರ ಬೆನ್ನಿಗೆ ದೊಡ್ಡ ಬಳಗವೇ ಇತ್ತು. ಹಳೆಯದನ್ನು ಬರೆದವರು ಎಂದೋ ಕೈಬಿಟ್ಟಿದ್ದರು. ಉಳಿಸಿಕೊಂಡರೆ ರಿಪೇರಿಯೆಲ್ಲ ಅವಳ ತಲೆಗೇ. ಮೇಲಾಗಿ ಅದು ಕೇಳಿದ್ದನ್ನೇ ಎರಡೆರಡು ಸಲ ಕೇಳುತ್ತದೆಂಬ ದೂರು ಬೇರೆ.

ಪರೀಕ್ಷೆಗೆಂದು ಕರೆಸಿದ್ದ ನೀಲವ್ವಜ್ಜಿ ಮೈಕಿನ ಮುಂದೆ ಕೂತಳು.

“ಗಂಡನ ಹೆಸರು?” ಎಂದಿತು ಹೊಸದು.

ಅಜ್ಜಿ ಸೆರಗು ಸರಿಮಾಡಿಕೊಂಡಳು. ಗಂಡನ ಹೆಸರನ್ನು ಅವಳು ಎಂದೂ ನೇರವಾಗಿ ಹೇಳಿದವಳಲ್ಲ. ಪ್ರಾಸದ ಒಡಪು ಕಟ್ಟಿ ಅದರೊಳಗೇ ಹೇಳುವವಳು.

“ಬಾಗಲಕ್ಕ ಕಟ್ಟೀನಿ ತೋರಣದ ಎಲಿ, ಗುರುಸಿದ್ದಪ್ಪ ಇದ್ರ ಮನಿಗೆ ಬೆಲಿ.”

ಹೊಸದು ಕಣ್ಣುಮುಚ್ಚಿ ತೆರೆಯುವುದರೊಳಗೆ ಬರೆದುಕೊಂಡಿತು: ಗಂಡನ ಹೆಸರು, ತೋರಣ.

ಹಳೆಯದಕ್ಕೂ ಅಜ್ಜಿ ಅದೇ ಒಡಪು ಹೇಳಿದಳು. ಅದು ಗುರುಸಿದ್ದಪ್ಪ ಎಂದು ಸರಿಯಾಗಿಯೇ ಬರೆದುಕೊಂಡಿತು. ಉಳಿದ ಪ್ರಶ್ನೆಗಳನ್ನೂ ಕೇಳಿ ಮುಗಿಸಿತು. ಆದರೂ ಕೊನೆಗೆ, “ಗಂಡನ ಹೆಸರು ಇನ್ನೊಮ್ಮೆ ಹೇಳ್ರಿ ಯವ್ವಾ” ಎಂದಿತು. ಅಜ್ಜಿ ನಕ್ಕು ಬೇರೊಂದು ಒಡಪು ಕಟ್ಟಿದಳು.

ಅವಳು ಹೋದ ಮೇಲೆ ಭಾಗೀರಥಿ ಹಳೆಯದನ್ನು ಕೇಳಿದಳು, “ಹೆಸರು ಮೊದಲನೇ ಸಲಾನ ಸಿಕ್ಕಿತ್ತಲ್ಲ. ಮತ್ತ್ಯಾಕ ಕೇಳಿದಿ?”

“ಗುರುಸಿದ್ದಪ್ಪ ತೀರಿಕೊಂಡು ಭಾಳ ವರ್ಷ ಆತಂತ ಉಳಿದ ಪ್ರಶ್ನೆ ಕೇಳುವಾಗ ಅಕೀನ ಹೇಳಿದ್ಲಲ್ರೀ. ಆ ಹೆಸರು ಈಗ ಅಕಿನ್ನ ಯಾರ್ ಕೇಳ್ತಾರ?”

ಅಂದಿನಿಂದ ಭಾಗೀರಥಿ ಹಳೆಯದರ ರಿಪೇರಿಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡಳು. ಎರಡು ಸಲ ಕೇಳುವ ಚಾಳಿಯೊಂದನ್ನು ಮಾತ್ರ ಮುಟ್ಟಲಿಲ್ಲ.