ಎರಡೂವರೆ ಅಡಿ

“ನಳಿನಕ್ಕ, ಇದಕ್ಕೆ ಹೊಟ್ಟೆ ಬಂದಿದೆ ನೋಡಿ,” ಎನ್ನುತ್ತ ಬೆನಿಟಾ ಬಾಗಿಲಲ್ಲೇ ನಿಂತು ಎರಡು ಲೇಸ್ ಪರದೆಗಳನ್ನು ಎತ್ತಿ ಹಿಡಿದಳು. ಎರಡೂ ಒಂದೇ ಕಿಟಕಿಯ ಜೋಡಿ. ಒಂದು ಗೆರೆ ಎಳೆದಂತೆ ನೆಟ್ಟಗಿತ್ತು. ಇನ್ನೊಂದು ನಡುವಿನಲ್ಲಿ ಜೋತು, ಅಂಚಿನ ಬಳ್ಳಿಯೆಲ್ಲ ಸೊಟ್ಟಗಾಗಿ, ನಾಲ್ಕು ಬೆರಳು ಕೆಳಗಿಳಿದಿತ್ತು. “ಇದು ನಿಮ್ಮ ಕೈಯದ್ದೇ ಅಲ್ವಾ? ಆದಿತ್ಯವಾರ ಕೊಟ್ಟಾರದಲ್ಲಿ ನಮ್ಮ ಹೊಸ ಮನೆ ಒಕ್ಕಲು. ಶನಿವಾರಕ್ಕೆ ಸರಿಯಾಗದಿದ್ದರೆ ಬೇಜಾರು ಮಾಡ್ಬೇಡಿ ಅಕ್ಕ, ಇಡೀ ಮನೆಗೆ ರೆಡಿಮೇಡೇ ಹಾಕಿಸ್ತೇನೆ.”

“ಸರಿ ಮಾಡಿ ಕೊಡ್ತೇನೆ,” ಎಂದಳು ನಳಿನಾಕ್ಷಿ. ತಪ್ಪು ಕೈಯದ್ದಲ್ಲವೆಂದು ಅವಳಿಗೆ ಗೊತ್ತಿತ್ತು. ನೆಟ್ಟಗಿದ್ದದ್ದು ಗಂಡ ಚೆನ್ನಪ್ಪ ಮಸ್ಕತ್ತಿನ ಕೆಲಸ ಬಿಟ್ಟು ಊರಿಗೆ ಬರುವ ಮೊದಲು ಒಣಗಿದ್ದು. ಸೊಟ್ಟಗಿದ್ದದ್ದು ಅವನು ಬಂದ ನಂತರದ್ದು.

ಕ್ರೋಶಾ ಕಡ್ಡಿಯಲ್ಲಿ ಹೆಣೆದ ಪರದೆಯನ್ನು ಗಂಜಿ ತೆಳಿಯಲ್ಲಿ ಅದ್ದಿ, ಹಾಸಿಗೆಯ ಮೇಲೆ ಅಳತೆಗೆ ಎಳೆದು, ಸುತ್ತಲೂ ಗುಂಡುಸೂಜಿ ಚುಚ್ಚಿ, ಪೂರ್ತಿ ಒಣಗುವವರೆಗೆ ಬಿಡಬೇಕು. ಆಮೇಲೆ ಅದು ಹಿಡಿದ ಆಕಾರ ಬಿಡುವುದಿಲ್ಲ. ಮಣ್ಣಗುಡ್ಡದ ಆ ಪುಟ್ಟ ಮನೆಯಲ್ಲಿ ಸೂಜಿ ಹಿಡಿಯುವ ಗಟ್ಟಿ ಹತ್ತಿಯ ಹಾಸಿಗೆ ಒಂದೇ, ಮದುವೆಯ ಮಂಚದ್ದು. ಅದರಲ್ಲಿ ಚೆನ್ನಪ್ಪನ ಬದಿ ಎರಡೂವರೆ ಅಡಿ. ಪರದೆಯ ಅಗಲವೂ ಅಷ್ಟೇ. ಇಪ್ಪತ್ತೆರಡು ವರ್ಷ ಅವಳು ಅಲ್ಲಿ ಪರದೆ ಮಲಗಿಸಿ, ಈಚೆ ಬದಿಯಲ್ಲಿ ತಾನು ಮಲಗಿದ್ದಳು. ಈಗ ಮೂರು ತಿಂಗಳಿಂದ ಅಲ್ಲಿ ಗಂಡನಿದ್ದ, ಪರದೆ ಜಗಲಿಯ ಹಗ್ಗಕ್ಕೆ ಹೋಗಿತ್ತು. “ಸ್ವಲ್ಪ ಆಚೆ ಸರಿಯಿರಿ” ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಷ್ಟು ವರ್ಷ ಎಲ್ಲೆಲ್ಲೋ ಮಲಗಿ ಬಂದವನನ್ನು ಅವನ ಮಂಚದಿಂದಲೇ ಏಳಿಸುವುದು ಹೇಗೆ? ಒಂದು ದಿನವಂತೂ, ಅವನು ಇನ್ನೊಂದು ವರ್ಷ ಮಸ್ಕತ್ತಿನಲ್ಲೇ ಇರಬಹುದಿತ್ತು ಎಂಬ ಯೋಚನೆ ಬಂದು, ತನಗೆ ತಾನೇ ಹೆದರಿ, ಅವನಿಗೆ ಎರಡು ಮೀನು ಹೆಚ್ಚು ಬಡಿಸಿದ್ದಳು.

ಮಧ್ಯಾಹ್ನ ಊಟವಾಗಿ ಚೆನ್ನಪ್ಪ ಅಡ್ಡಾಗಿದ್ದ. ನಳಿನಾಕ್ಷಿ ಸೊಟ್ಟ ಪರದೆಯನ್ನು ತೆಳಿಯಲ್ಲಿ ಅದ್ದಿ, ಹಿಂಡಿ, ಬೋಗುಣಿಯಲ್ಲಿಟ್ಟುಕೊಂಡು ಕೋಣೆಯ ಬಾಗಿಲಿಗೆ ಬಂದಳು. ಒಂದು ಗಳಿಗೆ ನಿಂತಳು. ಮತ್ತೆ ಜಗಲಿಯ ಕಡೆಗೇ ತಿರುಗಿದಳು.

“ಹಗ್ಗಕ್ಕೆ ಹಾಕಬೇಡ ಮಾರಾಯ್ತಿ,” ಹಿಂದಿನಿಂದ ಅವನ ಸ್ವರ. “ಒದ್ದೆ ಲೇಸು ನೇತುಹಾಕಿದರೆ ತನ್ನ ಭಾರಕ್ಕೇ ಇಳಿಯುತ್ತದೆ.”

“ನಿಮಗೆಂತ ಗೊತ್ತು ಲೇಸಿನ ವಿಷಯ?”

ಅವನು ಎದ್ದ. ಹಾಸಿಗೆಯ ಮೇಲೆ ಮೈ ಒರೆಸುವ ಎರಡು ಬೈರಾಸು ಹಾಸಿ, ಅವಳ ಕೈಯಿಂದ ಪರದೆ ತೆಗೆದುಕೊಂಡು ಬಿಡಿಸಿದ. ಅವಳು ಅಭ್ಯಾಸಬಲದಿಂದ ಮೂಲೆಗೆ ಸೂಜಿ ಇಡಲು ಬಾಗಿದಾಗ, “ಮೂಲೆಯಿಂದ ಅಲ್ಲ, ನಡುವಿನಿಂದ,” ಎಂದ. ಅಂಗೈಯಲ್ಲಿ ನಡುವಿನಿಂದ ಅಂಚಿಗೆ ಸವರುತ್ತ ಹೋದ ಹಾಗೆ ಬಳ್ಳಿಯ ಒಂದೊಂದು ಎಲೆಯೂ ಹೇಳಿದ ಮಾತು ಕೇಳಿ ತನ್ನ ತನ್ನ ಜಾಗಕ್ಕೆ ಬಂತು. ರಜೆಯಲ್ಲಿ ಬಂದಾಗಲೆಲ್ಲ ಆ ಅಂಗೈಯ ಚರ್ಮ ಸುಲಿದಿರುತ್ತಿತ್ತು. ಕೇಳಿದರೆ ಆಫೀಸಿನ ಏಸಿ ಎನ್ನುತ್ತಿದ್ದ.

“ನೀವು ಹೋಟೆಲಿನಲ್ಲಿ ಸೂಪರ್‌ವೈಸರ್ ಅಲ್ವಾ ಇದ್ದದ್ದು?”

“ಅದು ಕೊನೆಯ ಮೂರು ವರ್ಷ.” ಅವನು ತಲೆ ಎತ್ತಲಿಲ್ಲ. “ಅದೂ ಲಾಂಡ್ರಿಗೆ. ಅದಕ್ಕೆ ಮೊದಲು ಒಗೆಯುವುದು, ಇಸ್ತ್ರಿ, ನೂರಿಪ್ಪತ್ತು ರೂಮಿನ ಪರದೆ.”

ನಳಿನಾಕ್ಷಿ ಸೂಜಿಯ ಡಬ್ಬ ಹಿಡಿದು ನಿಂತಳು. ಎಷ್ಟು ಮದುವೆಮನೆಗಳಲ್ಲಿ “ನಮ್ಮವರು ಸೂಪರ್‌ವೈಸರ್” ಎಂದಿದ್ದಳೋ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ತಿಂಗಳಿಂದ ಮನೆಗೆ ಯಾರೋ ದೊಡ್ಡ ಮನುಷ್ಯ ಬಂದು ಇಳಿದುಕೊಂಡ ಹಾಗೆ ಸೆರಗು ಸರಿಮಾಡಿಕೊಳ್ಳುತ್ತ ಓಡಾಡಿದ್ದಳು. ಆ ಸೂಪರ್‌ವೈಸರ್ ಈಗ ತಾನಾಗಿಯೇ ಎದ್ದು ಹೋಗಿದ್ದ. ಅವಳಿಗೆ ಉಸಿರು ಸಲೀಸಾಗಿ ಬಂತು.

“ಮೊದಲು ನೀನು ಇಲ್ಲಿಯೇ ಒಣಗಿಸ್ತಿದ್ದದ್ದಲ್ವಾ?” ಎಂದ ಚೆನ್ನಪ್ಪ.

“ಯಾರು ಹೇಳಿದ್ದು?”

“ಗುಂಡುಸೂಜಿ. ಬಂದ ಮೊದಲನೇ ದಿನವೇ ಬೆನ್ನಿಗೆ ಹೇಳಿತು.”

“ಮತ್ತೆ ಸುಮ್ಮನಿದ್ದದ್ದು ಯಾಕೆ?”

“ಹೇಳಿದ್ದರೆ, ಸೂಜಿ ನೋಡಿ ಲೇಸು ಅಂತ ಹೇಗೆ ಗೊತ್ತಾಯಿತು ಅಂತ ನೀನು ಕೇಳ್ತಿದ್ದಿ.”

ಅವಳಿಗೆ ನಗು ಬಂತು. ತಡೆಯಲು ಹೋಗಲಿಲ್ಲ. ಅವನೂ ನಕ್ಕ, ಸ್ವಲ್ಪ ತಡವಾಗಿ, ಅವಳ ಮುಖ ನೋಡಿಕೊಂಡು.

“ಆ ಇನ್ನೊಂದನ್ನೂ ಅದ್ದಿ ತಾ.”

“ಅದು ಸರಿ ಉಂಟಲ್ಲ?”

“ಸರಿ ಇದ್ದರೂ. ಜೋಡಿಯನ್ನು ಒಟ್ಟಿಗೇ ಒಣಗಿಸಬೇಕು. ಇಲ್ಲದಿದ್ದರೆ ಒಂದೊಂದು ಒಂದೊಂದು ಅಳತೆಗೆ ಹೋಗುತ್ತದೆ.”

ಎರಡನೆಯ ಪರದೆ ಅವಳ ಬದಿಯನ್ನು ಹಿಡಿಯಿತು. ಅಳತೆ ಟೇಪು ಇಟ್ಟು ನೋಡಿದರು, ಎರಡರ ನಡುವೆ ಒಂದು ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಮಂಚ ತುಂಬಿತು. ಮಲಗಲು ಉಳಿದದ್ದು ನೆಲದ ಮೇಲೆ ಒಬ್ಬರ ಚಾಪೆ. ಚೆನ್ನಪ್ಪ ಅದರ ನಟ್ಟನಡುವೆ ಹಾಯಾಗಿ ಕಾಲು ಚಾಚಿ ಕಣ್ಣು ಮುಚ್ಚಿದ. ನಳಿನಾಕ್ಷಿ ಕೈಯ ತೆಳಿ ಒರೆಸಿಕೊಂಡು ಬಂದು ಅವನ ತಲೆಯ ಹತ್ತಿರ ನಿಂತಳು.

“ಸ್ವಲ್ಪ ಆಚೆ ಸರಿಯಿರಿ,” ಎಂದಳು.